ಮೊಣಕೈ ಎತ್ತರ

ನಮ್ಮ ಅಡುಗೆಮನೆಯ ಕಟ್ಟೆ ಮಾವನ ತಾಯಿಯ ಎತ್ತರಕ್ಕೆ ಕಟ್ಟಿಸಿದ್ದು. ಆಕೆ ಆರಡಿಗೆ ಸ್ವಲ್ಪವೇ ಕಮ್ಮಿ ಇದ್ದರಂತೆ. ನಾನು ನೋಡಿದ್ದು ಫೋಟೋದಲ್ಲಿ ಮಾತ್ರ, ಅದರಲ್ಲೂ ತಲೆ ಚೌಕಟ್ಟಿಗೆ ತಾಗಿದೆ. ನಮ್ಮತ್ತೆಯೋ ಗಿಡ್ಡ. ಮದುವೆಯಾಗಿ ಬಂದಾಗಿನಿಂದ ಒಂದು ಮರದ ಪೆಟ್ಟಿಗೆ ಬೋರಲು ಹಾಕಿಕೊಂಡು ಅದರ ಮೇಲೆ ನಿಂತು ಬೇಯಿಸಿದವರು. ಈ ವರ್ಷ ಒಂದು ಬೆಳಿಗ್ಗೆ ಬಿಸಿನೀರಿನ ಪಾತ್ರೆ ಇಳಿಸುವಾಗ ಪೆಟ್ಟಿಗೆ ವಾಲಿತು. ಪುಣ್ಯಕ್ಕೆ ನೀರು ಆ ಕಡೆ ಚೆಲ್ಲಿತು, ಅತ್ತೆ ಈ ಕಡೆ ಬಿದ್ದರು. ಬಲಗೈ ಉಳುಕಿ ಊದಿಕೊಂಡಿತು. ಅತ್ತೆ ಟೈಲರು, ಆ ಕೈಯೇ ಅವರ ಅಂಗಡಿ.

ಮನೆಯಲ್ಲಿ ನಾವು ಐದು ಜನ. ಮಾವ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುತ್ತಿದ್ದವರು, ಈಗ ನಿವೃತ್ತರು. ಹೊತ್ತಿಗೆ ಸರಿಯಾಗಿ ತಟ್ಟೆ ಮುಂದೆ ಬಂದರೆ ಅವರಿಗೆ ಯಾರ ಮೇಲೂ ತಕರಾರಿಲ್ಲ. ನನ್ನ ಗಂಡ ಒಬ್ಬ ಬಿಲ್ಡರ್ ಆಫೀಸಿನಲ್ಲಿ ಮನೆಗಳ ನಕ್ಷೆ ಬರೆಯುತ್ತಾರೆ. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮನೆ ಬಿಡಬೇಕು. ಮಗಳು ಹೈಸ್ಕೂಲಿಗೆ ಹೋಗುತ್ತಾಳೆ. ಬಾಯಿ ಬಿಟ್ಟರೆ ಪಟಪಟ ಅನ್ನುವುದರಿಂದ ಅವಳಿಗೆ ಅವಳಜ್ಜಿ ಇಟ್ಟ ಹೆಸರು ಚಿನಕುರುಳಿ.

ಕೈಗೆ ಪಟ್ಟಿ ಕಟ್ಟಿದ ಡಾಕ್ಟರು ಮಿಷನ್ ಮುಟ್ಟಕೂಡದು ಎಂದರು. ಕೈಕಟ್ಟಿ ಕೂತು ಗೊತ್ತಿಲ್ಲದ ಜೀವ, ಹೊತ್ತು ಹೋಗಬೇಕಲ್ಲ. ಚಿನಕುರುಳಿಯ ಹಳೆ ಲ್ಯಾಪ್‌ಟಾಪ್ ಇಸಿದುಕೊಂಡು, ಅವಳು ಸ್ಕೂಲಿನಲ್ಲಿ ಮಾಡುವ ಹಾಗೆ ಪರದೆಯ ಮೇಲೆ ಡಬ್ಬಿ, ಉಂಡೆ, ಬಿಲ್ಲೆ ಜೋಡಿಸತೊಡಗಿದರು. ಎಡಗೈಯಲ್ಲೇ ಮೊದಲು ಒಂದು ಗುಂಡಿ ಮಾಡಿದರು, ನಾಲ್ಕು ತೂತಿನದು. ಆಮೇಲೆ ದಾರದ ಉರುಳೆ, ಆಮೇಲೆ ಕತ್ತರಿ. ಮಾಡಿದ್ದನ್ನು ಪರದೆಯ ಮೇಲೆ ತಿರುಗಿಸಿ, ಮಗುಚಿ, ಕೆಳಗಿನಿಂದ ನೋಡುತ್ತ ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಮಾವ ತಟ್ಟೆಯ ಮುಂದೆ ಕೂತು, ಇವಳಿಗೆ ಏನೋ ಹಿಡಿದಿದೆ ಎಂದು ಗೊಣಗುತ್ತಿದ್ದರು.

ಅದೇ ತಿಂಗಳು ಅಡುಗೆಮನೆಯ ಕಟ್ಟೆಯೊಳಗೆ ಹೋಗಿದ್ದ ನೀರಿನ ಪೈಪು ಒಡೆಯಿತು. ಗೋಡೆ ಹಸಿಯಾಗಿ ಸುಣ್ಣ ಕಳಚಿ ಬಿತ್ತು. ಕಟ್ಟೆ ಒಡೆಯದೆ ಬೇರೆ ದಾರಿಯಿರಲಿಲ್ಲ, ಒಡೆಸಿದೆವು. ಒಲೆ, ಸಿಲಿಂಡರ್, ಡಬ್ಬಿಗಳೆಲ್ಲ ಮುಂದಿನ ಕೋಣೆಗೆ ಬಂದು ಅತ್ತೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂತವು. ಬಟ್ಟೆ ಮಂಚಕ್ಕೆ ಹೋಯಿತು. ಅನ್ನದಲ್ಲಿ ದಾರ, ಹೊಲಿಯಲು ಬಂದ ಅಂಗಿಯಲ್ಲಿ ಒಗ್ಗರಣೆಯ ವಾಸನೆ. ನಲ್ಲಿ ಅಂತ ಉಳಿದದ್ದು ಹಿತ್ತಿಲಿನದೊಂದೇ. ಪಾತ್ರೆ ತೊಳೆಯಲು ಅಲ್ಲಿ ಕುಕ್ಕರಗಾಲಲ್ಲಿ ಕೂರಬೇಕು.

ಒಂದು ಭಾನುವಾರ ಮಧ್ಯಾಹ್ನದ ಊಟಕ್ಕೆ ಕೂತಾಗ ನನ್ನ ಗಂಡ, ತಮ್ಮ ಆಫೀಸಿಗೆ ಬರುವ ಬಡಗಿಗೆ ಹೇಳಿರುವುದಾಗಿಯೂ, ಬರುವ ವಾರ ತಾವೇ ನಕ್ಷೆ ಬರೆದುಕೊಡುವುದಾಗಿಯೂ ಹೇಳಿದರು. ಈಗ ಹಲಗೆ ಕೊಯ್ಯುವುದು ಯಂತ್ರವಂತೆ. ಕಾಗದದ ಮೇಲೆ ಗೀಚಿದ್ದು ಅದಕ್ಕೆ ಆಗದು, ಕಂಪ್ಯೂಟರಿನಲ್ಲಿ ಬರೆದ ನಕ್ಷೆಯೇ ಬೇಕು.

ಅತ್ತೆ ತೊವ್ವೆ ಬಡಿಸುತ್ತಿದ್ದವರು ಸೌಟು ಪಾತ್ರೆಯಲ್ಲಿ ಬಿಟ್ಟರು. "ನಕ್ಷೆ ನಾನು ಬರೀತೀನಿ."

"ಅಮ್ಮ, ನಾನು ದಿನಾ ಮಾಡೋ ಕೆಲಸ ಅದು. ಅರ್ಧ ಗಂಟೆ ಸಾಕು ನಂಗೆ."

"ನೀನು ದಿನಾ ಮಾಡೋದು ಬೇರೆಯವರ ಅಡುಗೆಮನೆ."

"ಎಲ್ಲಾ ಅಡುಗೆಮನೆಗೂ ಒಂದೇ ಅಳತೆ ಅಮ್ಮ. ಸ್ಟ್ಯಾಂಡರ್ಡ್ ಅಂತ ಇರುತ್ತೆ."

"ಆ ಸ್ಟ್ಯಾಂಡರ್ಡ್ ಯಾರು? ಅವಳನ್ನು ಕರ್ಕೊಂಡು ಬಾ, ಅವಳೇ ಬೇಯಿಸಿ ಹಾಕಲಿ," ಎಂದರು ಅತ್ತೆ.

ಚಿನಕುರುಳಿ ನಗು ತಡೆಯಲಾರದೆ ಕೆಮ್ಮಿದಳು. ನನ್ನ ಗಂಡ ಕೆಟ್ಟವರಲ್ಲ. ತಾಯಿಗೆ ಕಷ್ಟವಾಗಬಾರದು ಎಂಬುದೇ ಅವರ ಆಸೆ. ಆದರೆ ಕಷ್ಟ ಯಾವುದು ಎಂಬುದನ್ನೂ ತಾವೇ ಹೇಳಬೇಕು ಅವರಿಗೆ. ಕೊನೆಗೆ, ಬಡಗಿ ಬರುವುದರೊಳಗೆ ಅಮ್ಮನ ನಕ್ಷೆ ಸಿದ್ಧವಾಗಿದ್ದರೆ ಅದು, ಇಲ್ಲದಿದ್ದರೆ ಸ್ಟ್ಯಾಂಡರ್ಡ್ ಕಟ್ಟೆ ಎಂದು ಒಪ್ಪಂದವಾಯಿತು.

ಆಮೇಲೆ ಶುರುವಾಯಿತು ಯಾವುದರಲ್ಲಿ ಬರೆಯಬೇಕೆಂಬ ರಗಳೆ. ನನ್ನ ಗಂಡ ತಮ್ಮ ಆಫೀಸಿನ ದೊಡ್ಡ ಪ್ರೋಗ್ರಾಮನ್ನೇ ಮನೆಯ ಕಂಪ್ಯೂಟರಿನಲ್ಲಿ ತೆರೆದುಕೊಟ್ಟರು. ವರ್ಷವರ್ಷ ಬಾಡಿಗೆ ಕಟ್ಟಿ ಬಳಸುವಂಥದು. ನಾವು ಮನೆಯಲ್ಲಿ ಅದಕ್ಕೆ ಬಾಡಿಗೆಯದು ಎಂದೇ ಹೆಸರಿಟ್ಟೆವು. ಅತ್ತೆ ಆ ಭಾನುವಾರ ರಾತ್ರಿಯವರೆಗೂ ಕೂತು ಒಂದು ಗೋಡೆ ಬರೆದರು. ಸೋಮವಾರ ಮತ್ತೆ ಕೂತರೆ ಪಾಸ್‌ವರ್ಡ್ ಕೇಳಿತು. ಮಗನಿಗೆ ಆಫೀಸಿನಲ್ಲಿ ಮೀಟಿಂಗು, ಫೋನ್ ಎತ್ತಲಿಲ್ಲ. ಸಂಜೆ ಬಂದವರು ಶೂ ಬಿಚ್ಚುವ ಮೊದಲೇ ಕೇಳಬೇಕಾಯಿತು.

"ನನ್ನ ಕತ್ತರಿಗೆ ಬೀಗ ಹಾಕಿ, ಕೀಲಿ ಜೇಬಲ್ಲಿಟ್ಕೊಂಡು ಹೋದ ಹಾಗಾಯ್ತಲ್ಲೋ ಇದು," ಎಂದರು ಅತ್ತೆ.

"ನಾಳೆ ಪಾಸ್‌ವರ್ಡ್ ಬರೆದಿಟ್ಟು ಹೋಗ್ತೀನಿ."

"ನೀನು ಕೆಲಸ ಬದಲಾಯಿಸಿದ್ರೆ? ನಾನು ಬರೆದಿದ್ದು ಯಾರ ಹತ್ರ ಹೋಗಿ ಕೇಳಬೇಕು?"

ನನ್ನ ಗಂಡ ಬಗ್ಗಿ ಶೂ ಬಿಚ್ಚತೊಡಗಿದರು. ಚಿನಕುರುಳಿ ತನ್ನ ಸ್ಕೂಲಿನದೇ ಸಾಕು, ಎಳೆದರೆ ಉದ್ದ, ತಳ್ಳಿದರೆ ಗಿಡ್ಡ, ಅಜ್ಜಿಗೆ ಆಗಲೇ ಅಭ್ಯಾಸವಿದೆ ಎಂದು ವಾದಿಸಿದಳು. ಅತ್ತೆ ಅದನ್ನೂ ನೋಡಿದರು. ಗುಂಡಿಗೆ, ಕತ್ತರಿಗೆ ಅದು ಚೆಂದ. ಆದರೆ ಅದರಲ್ಲಿ ಒಂದು ಡಬ್ಬಿಯನ್ನು ಎಳೆದು ಅಗಲ ಮಾಡಿದರೆ ಪಕ್ಕದ ಡಬ್ಬಿ ಜರುಗುವುದಿಲ್ಲ, ಅದರ ಹೊಟ್ಟೆಯೊಳಗೇ ಇದು ನುಗ್ಗುತ್ತದೆ. ಎಲ್ಲವನ್ನೂ ಒಂದೊಂದಾಗಿ ಕೈಯಲ್ಲಿ ಸರಿಸಬೇಕು.

ಅತ್ತೆ ಕೊನೆಗೆ ಹಿಡಿದದ್ದು ಮೂರನೆಯದನ್ನು. ಯಾರೋ ಗೊಗ್ಗರು ದನಿಯ ಮುದುಕನ ವೀಡಿಯೋ ನೋಡಿ, ತಾವೇ ಇಳಿಸಿಕೊಂಡರು. ಪುಕ್ಕಟೆ. ನೋಡಲೂ ಪುಕ್ಕಟೆಯ ಹಾಗೇ ಇತ್ತು: ಪರದೆ ತುಂಬ ಚಿಕ್ಕ ಚಿಕ್ಕ ಚಿತ್ರಗಳು, ಯಾವುದನ್ನು ಒತ್ತಿದರೆ ಏನಾಗುತ್ತದೆ ಎಂದು ಹೇಳುವವರಿಲ್ಲ. ಆದರೆ ಅದರಲ್ಲಿ ಮೊದಲು ಗೆರೆ ಎಳೆದು, ಪ್ರತಿ ಗೆರೆಗೂ ಅಳತೆ ಬರೆಯಬೇಕು. ಎಲ್ಲ ಅಳತೆ ಕೂಡಿ ಬಂದು ಯಾವ ಗೆರೆಯೂ ಅಲ್ಲಾಡದ ಹಾಗಾದಾಗ ಚಿತ್ರ ಹಸಿರಾಗುತ್ತದೆ. ಆಮೇಲೆ ಯಾವತ್ತು ಬೇಕಾದರೂ ಅಳತೆ ತಿದ್ದಬಹುದು, ಮಿಕ್ಕದ್ದು ತಾನೇ ಹಿಂದೆ ಬರುತ್ತದೆ. ಅಂಗಿಗೆ ಮೊದಲು ಕಾಗದ ಕತ್ತರಿಸಿಕೊಳ್ಳುವವರಿಗೆ ಇದು ಅರ್ಥವಾಗದೆ ಇರುತ್ತದೆಯೇ.

"ಅಮ್ಮ, ನಮ್ಮ ಆಫೀಸಲ್ಲಿ ಅದನ್ನು ಮುಟ್ಟೋರಿಲ್ಲ," ಎಂದರು ನನ್ನ ಗಂಡ. "ಹತ್ತು ಸಲ ಕೆಟ್ಟು ನಿಲ್ಲುತ್ತೆ. ಕಲಿಯೋಕೆ ಹೋದ್ರೆ ತಲೆ ಕೆಟ್ಟುಹೋಗುತ್ತೆ."

"ಕೆಡೋದು ನನ್ನ ತಲೆ ತಾನೆ?"

"ಹಟ ಯಾಕೆ? ನಂದು ಒಳ್ಳೇದು ಅಂತ ನಿಂಗೂ ಗೊತ್ತು."

"ಒಳ್ಳೇದಿರಬಹುದು. ನಂಗೆ ಇದು ಬೇಕು."

ಅಲ್ಲಿಗೆ ಮಾತು ಮುಗಿಯಿತು. ನಿಜ ಹೇಳುತ್ತೇನೆ, ಆಗ ನಾನಿದ್ದದ್ದು ಗಂಡನ ಪಕ್ಷದಲ್ಲೇ. ಅತ್ತೆ ತಮ್ಮ ಎತ್ತರಕ್ಕೆ ಕಟ್ಟೆ ಬರೆದುಕೊಂಡರೆ ನಾನೇನು ಮಾಡಲಿ? ನಾನು ಅವರಿಗಿಂತ ಒಂದು ಗೇಣು ಎತ್ತರ. ದಿನವಿಡೀ ಲ್ಯಾಬಿನಲ್ಲಿ ಬಗ್ಗಿ ಬಗ್ಗಿ ಜನರ ನರ ಹುಡುಕಿ ಬಂದವಳು ಮನೆಯಲ್ಲೂ ಬಗ್ಗಿ ತರಕಾರಿ ಹೆಚ್ಚಬೇಕೇ? ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಪಾತ್ರೆಗಳ ಮೇಲೆ ತೋರಿಸಿದೆ.

ಒಂದು ಸಂಜೆ ಆ ಕತ್ತರಿಸುವ ಮೇಜಿನ ಮುಂದೆ ನಿಂತು ಈರುಳ್ಳಿ ಹೆಚ್ಚುತ್ತಿದ್ದೆ. ಹಿಂದಿನಿಂದ ಬಂದ ಅತ್ತೆ ನನ್ನ ಮೊಣಕೈಗೆ ಟೇಪಿನ ತುದಿ ಒತ್ತಿ, ಇನ್ನೊಂದು ತುದಿಯನ್ನು ಕಾಲಿನಲ್ಲಿ ನೆಲಕ್ಕೆ ಮೆಟ್ಟಿಕೊಂಡರು. ಕೇಳಲಿಲ್ಲ, ಹೇಳಲಿಲ್ಲ. ನನಗೆ ರೇಗಿತು.

"ಅಳತೆ ತಗೊಳ್ಳೋ ಮುಂಚೆ ಕೇಳೋದು ಅಂತ ಒಂದಿದೆ ಅತ್ತೆ. ನಾನೇನು ಅಂಗಿ ಹೊಲಿಸೋಕೆ ಬಂದಿದೀನಾ?"

"ಕೇಳಿದ್ರೆ ಬೇಡ ಅಂತಿದ್ದೆ."

"ಹೌದು, ಬೇಡ ಅಂತಿದ್ದೆ. ನಿಮಗೆ ಬೇಕಾದ ಹಾಗೆ ನೀವು ಬರ್ಕೊಳ್ಳಿ. ನಾನು ಬೆನ್ನು ಮುರ್ಕೊಳ್ತೀನಿ, ಬಿಡಿ."

ಅತ್ತೆ ಟೇಪು ಕೊರಳಿಗೆ ಹಾಕಿಕೊಂಡು ಹೋದರು. ಎರಡು ದಿನ ನಾವಿಬ್ಬರೂ ಚಿನಕುರುಳಿಯ ಮೂಲಕ ಮಾತಾಡಿದೆವು. ಮೂರನೆಯ ದಿನ ಲ್ಯಾಪ್‌ಟಾಪನ್ನು ತಂದು ನನ್ನ ತಟ್ಟೆಯ ಪಕ್ಕ ಇಟ್ಟರು. ಪರದೆಯ ಮೇಲೆ ಕಟ್ಟೆ ಎರಡು ಮೆಟ್ಟಿಲಾಗಿತ್ತು. ಒಲೆ ಇರುವ ಕಡೆ ತಗ್ಗು, ಕಿಟಕಿಯ ಕಡೆ ಎತ್ತರ. ಒಲೆ ಅವರದು, ಹೆಚ್ಚುವ ಜಾಗ ನನ್ನದು.

ಕ್ಷಮೆ ಕೇಳುವುದು ನಮ್ಮಿಬ್ಬರಿಗೂ ಬಾರದ ವಿದ್ಯೆ. "ಚಾಕು ಇಡೋಕೆ ಒಂದು ಡ್ರಾಯರ್ ಬೇಕು," ಎಂದೆ. "ಎಷ್ಟು ಉದ್ದದ ಚಾಕು?" ಎಂದರು. ಅಂದಿನಿಂದ ನಾನು ಆ ಪುಕ್ಕಟೆಯದರ ಪಕ್ಷ ಸೇರಿದೆ.

ಬಡಗಿ ಬಂದ ದಿನ ಎಲ್ಲರೂ ಮನೆಯಲ್ಲಿದ್ದೆವು. ಯಂತ್ರಕ್ಕೆ ಕಳಿಸುವ ಮೊದಲು ಗೋಡೆಗೆ ಹಿಡಿದು ನೋಡಲೆಂದು ಅತ್ತೆ ನಕ್ಷೆಯನ್ನು ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ತಂದಿದ್ದರು. ಬಡಗಿ ಅದನ್ನು ಒಡೆದ ಗೋಡೆಯ ಮುಂದೆ ಹಿಡಿದು, ತನ್ನ ಟೇಪು ಎಳೆದು, ಮತ್ತೆ ಎಳೆದು, ತಲೆ ಕೆರೆದುಕೊಂಡ. ನಕ್ಷೆಯ ಕಪಾಟುಗಳನ್ನೆಲ್ಲ ಸಾಲಾಗಿ ಇಟ್ಟರೆ ಗೋಡೆ ಸಾಲದು; ಕೊನೆಯ ಕಪಾಟು ಬಾಗಿಲಿಗೆ ಅಡ್ಡ ಬರುತ್ತದೆ. ಗೋಡೆಯ ಅಳತೆ ಸರಿಯಾಗಿಯೇ ಇತ್ತು. ಕಪಾಟುಗಳದು ಹೆಚ್ಚಾಗಿತ್ತು, ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ. ಹೇಗೆ ಹೆಚ್ಚಾಯಿತು ಎಂದು ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಅತ್ತೆಗೇ. ಅವರು ಹಣೆಗೆ ಕೈ ಹೊಡೆದುಕೊಂಡರು. "ಹೊಲಿಗೆಗೆ ಬಿಟ್ಟಿದೀನಿ."

ಬಟ್ಟೆ ಕತ್ತರಿಸುವಾಗ ಅಳತೆಗಿಂತ ಅರ್ಧ ಇಂಚು ಹೆಚ್ಚು ಬಿಡುತ್ತಾರಲ್ಲ, ಒಳಗೆ ಮಡಚಿ ಹೊಲಿಯಲು, ಅದು. ಇಷ್ಟು ವರ್ಷ ಬಿಟ್ಟು ಬಿಟ್ಟು, ಹಲಗೆಗೂ ಬಿಟ್ಟಿದ್ದರು. ಪ್ರತಿ ಕಪಾಟಿಗೆ ಎಡಕ್ಕೆ ಅರ್ಧ, ಬಲಕ್ಕೆ ಅರ್ಧ. ಚಿನಕುರುಳಿ ನಕ್ಕಳು, ಬಡಗಿಯೂ ನಕ್ಕ, ನಾನೂ ಬಾಯಿಗೆ ಸೆರಗು ಒತ್ತಿಕೊಂಡೆ. ಅತ್ತೆಯ ಮುಖ ಮಾತ್ರ ಸಣ್ಣದಾಯಿತು. ಅವರನ್ನು ಹಾಗೆ ನೋಡಿದ್ದು ನಾನು ಅದೇ ಮೊದಲು, ನೋಡಿ ಸಂಕಟವಾಯಿತು.

"ಇದಕ್ಕೇ ಹೇಳಿದ್ದು ನಾನು," ಎಂದರು ನನ್ನ ಗಂಡ. "ಕೊಡಿಲ್ಲಿ ಅಮ್ಮ, ನಂದರಲ್ಲಿ ಹೊಸದಾಗಿ ಬರೀತೀನಿ. ಇವನು ಚಹಾ ಕುಡಿಯೋದ್ರೊಳಗೆ ಆಗುತ್ತೆ."

"ಮುಟ್ಟಬೇಡ. ನಾನೇ ತಿದ್ತೀನಿ."

ಅತ್ತೆ ಕೂತು ಒಂದೊಂದೇ ಅಂಕಿ ತಿದ್ದಿದರು. ಮೊದಲ ಕಪಾಟು ಕಿರಿದಾಯಿತು, ಮಿಕ್ಕವೆಲ್ಲ ಅದರ ಹಿಂದೆ ಜರುಗಿ ಬಂದವು. ಎರಡನೆಯದೂ ಆಯಿತು. ಮೂರನೆಯದರಲ್ಲಿ ಏನು ಒತ್ತಿದರೋ, ಸಾಲು ಸಾಲು ಕೆಂಪು ಗುರುತು ಬಂದು, ಡ್ರಾಯರುಗಳೆಲ್ಲ ಕಟ್ಟೆಯಿಂದ ಕಿತ್ತುಕೊಂಡು ಪರದೆಯ ಮೂಲೆಗೆ ಹೋಗಿ ಬಿದ್ದವು. ಆಮೇಲೆ ಪ್ರೋಗ್ರಾಮೇ ಮುಚ್ಚಿಕೊಂಡಿತು. ಮತ್ತೆ ತೆರೆದರೆ ಅರ್ಧ ಕೆಲಸ ಮಾಯ. ಬಡಗಿ ಎರಡನೆಯ ಚಹಾ ಮುಗಿಸಿ, ಮುಂದಿನ ವಾರ ಬರುತ್ತೇನೆ, ಅಷ್ಟರಲ್ಲಿ ಯಾವುದಾದರೂ ಒಂದು ಕೊಡಿ ಎಂದು ಎದ್ದ.

"ಮುಂದಿನ ವಾರ ಗಿರ ಬೇಡ," ಎಂದರು ನನ್ನ ಗಂಡ. "ಮಾತು ಅಂದ್ರೆ ಮಾತು. ನಾನು ಇವತ್ತೇ ಬರೆದು ಕಳಿಸ್ತೀನಿ. ಸ್ಟ್ಯಾಂಡರ್ಡ್ ಹಾಕಿಬಿಡು."

ಅತ್ತೆ ಎದ್ದು ನಿಂತರು. ಕೂಗಲಿಲ್ಲ. ಗಿರಾಕಿಗೆ ಅಂಗಿ ಯಾವತ್ತು ಕೊಡುತ್ತೇನೆಂದು ಹೇಳುವ ದನಿಯಲ್ಲೇ ಹೇಳಿದರು. "ಆಗಲಿ, ಹಾಕಿಸು. ಹಾಕಿಸಿದ ಮೇಲೆ ಅದರ ಮುಂದೆ ನೀನೇ ನಿಂತ್ಕೋ. ನನ್ನ ಅಳತೆಗಿಲ್ಲದ ಕಟ್ಟೆ ಮುಂದೆ ಇನ್ನೊಂದು ದಿನ ನಾನು ನಿಲ್ಲಲ್ಲ. ಹೊಸದಕ್ಕೆ ಕಾಯೋದೂ ಬೇಡ, ಇವತ್ತಿಂದಲೇ."

ನನ್ನ ಗಂಡ ನನ್ನ ಕಡೆ ನೋಡಿದರು. ಆ ನೋಟ ನನಗೆ ಗೊತ್ತು. ಅಮ್ಮ ಇಲ್ಲದಿದ್ದರೆ ಇವಳಿದ್ದಾಳೆ ಎಂಬ ನೋಟ.

"ನಾನೂ ನಿಲ್ಲಲ್ಲ," ಎಂದೆ.

ಹಾಗೆ ಶುರುವಾಯಿತು ನಮ್ಮ ಮನೆಯ ಮುಷ್ಕರ. ಅಂದೇ ಕಳಿಸುತ್ತೇನೆಂದಿದ್ದ ನಕ್ಷೆಯನ್ನು ನನ್ನ ಗಂಡ ಕಳಿಸಲಿಲ್ಲ, ಬಿಟ್ಟುಕೊಡಲೂ ಇಲ್ಲ. ಅತ್ತೆ ಊತ ಇಳಿದಿದ್ದ ಕೈಯ ಪಟ್ಟಿ ಬಿಚ್ಚಿ ಮಿಷನ್ನಿನ ಮುಂದೆ ಕೂತರು, ಮಧ್ಯೆ ಮಧ್ಯೆ ಲ್ಯಾಪ್‌ಟಾಪ್. ನಾನು ಕ್ಯಾಂಟೀನಿನಲ್ಲಿ ತಿಂದು ಬಂದೆ, ಅತ್ತೆಗೂ ಮಗಳಿಗೂ ಕಟ್ಟಿಸಿಕೊಂಡು ಬಂದೆ. ಹಟಕ್ಕೆ ಬಿದ್ದ ಗಂಡಸರಿಬ್ಬರು ಮೇಜಿನ ಮೇಲಿನ ಒಲೆಯ ಮುಂದೆ ನಿಂತರು. ಮಾವ ಮೊಟ್ಟೆ ಬೇಯಿಸಿದರು. ಅವರಿಗೆ ಬರುವುದು ಅದೊಂದೇ, ಮೂರು ಹೊತ್ತೂ ಅದನ್ನೇ ಬೇಯಿಸಿದರು. ನನ್ನ ಗಂಡ ಅನ್ನ ಮಾಡಿ, ತಳ ಹಿಡಿಸಿ, ಅದನ್ನೇ ಕೆರೆದು ಬಡಿಸಿಕೊಂಡು, ಚೆನ್ನಾಗೇ ಇದೆ ಎಂದು ತಂದೆಗೆ ಹೇಳಿದರು.

ಆ ಮೇಜು ಅತ್ತೆ ತಮಗೆಂದು ಮಾಡಿಸಿಕೊಂಡದ್ದು. ಮನೆಯಲ್ಲಿ ಅವರ ಎತ್ತರಕ್ಕಿದ್ದ ವಸ್ತು ಅದೊಂದೇ. ಅಜ್ಜಿಯ ಹಾಗೆ ಎತ್ತರ ಬೆಳೆದ ನನ್ನ ಗಂಡ ಅದರ ಮುಂದೆ ಬಗ್ಗಿ ನಿಂತು ನಾಲ್ಕು ದಿನ ಬೇಯಿಸಿದ ಮೇಲೆ, ನೆಟ್ಟಗೆ ನಿಲ್ಲಲು ಗೋಡೆ ಹಿಡಿಯಬೇಕಾಯಿತು. ಸೊಂಟಕ್ಕೆ ಮುಲಾಮು ಹಚ್ಚು ಎಂದು ನನ್ನನ್ನೇ ಕೇಳಿದರು. ಹಚ್ಚಿದೆ.

ಸೊಂಟ ನೋವಿಗಿಂತ ನನಗೆ ಸಿಟ್ಟು ತರಿಸಿದ್ದು ಪಾತ್ರೆ. ಬೇಯಿಸಿದ್ದೇ ಉಪಕಾರ ಅನ್ನುವ ಹಾಗೆ ಇಬ್ಬರೂ ಉಂಡು, ಕೈ ತೊಳೆದು, ತಳ ಹತ್ತಿದ ಪಾತ್ರೆಗಳನ್ನು ಹಿತ್ತಿಲಲ್ಲಿ ಪೇರಿಸಿಟ್ಟು ಬರುತ್ತಿದ್ದರು. ಯಾರಾದರೂ ತೊಳೆಯುತ್ತಾರೆ ಎಂಬ ನಂಬಿಕೆ. ಆ ಯಾರಾದರೂ ನಾನೋ ಅತ್ತೆಯೋ ಆಗಿರಬೇಕು. ಒಂದು ಬೆಳಿಗ್ಗೆ ಚಿನಕುರುಳಿ ಚಹಾಕ್ಕೆ ಲೋಟ ಹುಡುಕಿ, ಸಿಗದೆ, ನಿಂತಲ್ಲೇ ಕೇಳಿದಳು.

"ಅಪ್ಪ, ಬೇಯಿಸೋಕೆ ನಿಮಗೆ ಕೈ ಇದೆ. ತೊಳೆಯೋಕೆ ಬೇರೆ ಕೈ ಬೇಕಾ?"

ಅತ್ತೆ ಮಿಷನ್ ನಿಲ್ಲಿಸಿ ಹಿತ್ತಿಲ ಕಡೆ ನೋಡಿದರು. ಆಮೇಲೆ ಮಗನ ಕಡೆ, ಅಡಿಯಿಂದ ಮುಡಿಯವರೆಗೆ. ಲ್ಯಾಪ್‌ಟಾಪನ್ನು ಎಳೆದುಕೊಂಡರು.

ವಾರದ ಕೊನೆಗೆ ಮುಷ್ಕರ ಮುರಿದದ್ದು ಮಾವ. ಬೇಯಿಸಿದ ಮೊಟ್ಟೆಯನ್ನು ತಟ್ಟೆಯ ಅಂಚಿಗೆ ತಳ್ಳಿ, ಮಗನಿಗೆ ಹೇಳಿದರು. "ಅವಳು ಬರೆದಿದ್ದನ್ನೇ ಹಾಕ್ಸಪ್ಪ. ಸ್ಟ್ಯಾಂಡರ್ಡ್ ಕಟ್ಟೆ ಬಂದ್ರೆ ಅದರ ಮುಂದೆ ನಿಲ್ಲೋರು ನಾವಿಬ್ಬರೇ. ನನ್ನ ಕೈಲಾಗಲ್ಲ."

"ಹಾಕಿಸ್ತೀನಿ," ಎಂದರು ನನ್ನ ಗಂಡ. "ಆದರೆ ಒಂದೊಂದು ಅಳತೆಯನ್ನೂ ನಾನು ಪರೀಕ್ಷೆ ಮಾಡ್ತೀನಿ. ಒಂದು ತಪ್ಪು ಸಿಕ್ಕಿದ್ರೂ ನಂದೇ ನಕ್ಷೆ."

"ಮಾಡು," ಎಂದರು ಅತ್ತೆ.

ಬಡಗಿ ಮತ್ತೆ ಬಂದ. ಅತ್ತೆಯ ನಕ್ಷೆ ಸಿದ್ಧವಿತ್ತು, ಪೂರ್ತಿ ಹೊಸದಾಗಿ ಬರೆದದ್ದು, ಅದೇ ಪುಕ್ಕಟೆಯದರಲ್ಲಿ. ಈ ಸಲ ಪ್ರತಿ ಕಪಾಟು ಮುಗಿದ ಮೇಲೂ ಉಳಿಸಿ, ಇನ್ನೊಂದು ಪ್ರತಿ ಇಟ್ಟುಕೊಂಡಿದ್ದರು. ನನ್ನ ಗಂಡ ಕಾಗದವನ್ನು ಕತ್ತರಿಸುವ ಮೇಜಿನ ಮೇಲೆ ಹರಡಿ, ಕೆಂಪು ಪೆನ್ನು ತೆಗೆದು, ಆಫೀಸಿನಲ್ಲಿ ಮಾಡುವ ಹಾಗೆ ಗೋಡೆಯ ಒಂದು ತುದಿಯಿಂದ ಶುರು ಮಾಡಿದರು. ಕಪಾಟುಗಳ ಅಗಲ ಕೂಡಿಸಿದರು, ಗೋಡೆಗೆ ಸರಿ ಬಂತು. ಒಲೆಯ ತಗ್ಗು, ಹೆಚ್ಚುವ ಜಾಗದ ಎತ್ತರ, ಡ್ರಾಯರಿನ ಆಳ, ಎಲ್ಲವೂ ಸರಿ. ಹೊಲಿಗೆಗೆ ಬಿಟ್ಟ ಅರ್ಧ ಇಂಚು ಎಲ್ಲೂ ಇರಲಿಲ್ಲ. ಇಷ್ಟು ದೂರ ಬಂದು, ಒಂದು ಅಂಕಿಯಿಂದ ಎಲ್ಲ ನೀರಲ್ಲಿ ಹೋಮವಾದರೆ ಎಂಬ ಭಯ ನನಗೆ. ಅತ್ತೆ ಕೊರಳಲ್ಲಿದ್ದ ಟೇಪಿನ ಎರಡೂ ತುದಿ ಹಿಡಿದು ನಿಂತಿದ್ದರು.

ಕೊನೆಯ ಮೂಲೆಗೆ ಬಂದಾಗ ಪೆನ್ನು ನಿಂತಿತು.

"ಸಿಕ್ಕಿತು," ಎಂದರು ನನ್ನ ಗಂಡ. ದನಿಯಲ್ಲಿ ಗೆದ್ದ ಖುಷಿ ಮುಚ್ಚಿಡಲಾಗಲಿಲ್ಲ. "ಸಿಂಕ್ ನೋಡಮ್ಮ. ಇಷ್ಟು ಎತ್ತರ ಯಾರಾದ್ರೂ ಹಾಕ್ತಾರಾ? ನೀನು ಎಟಕಿಸ್ಕೊಂಡು ತೊಳೀಬೇಕು. ಇವಳಿಗೂ ತುಂಬ ಎತ್ತರ. ಹೊಲಿಗೆಗೆ ಅಂತ ಮತ್ತೆ ಸೇರಿಸಿದೀಯ, ಈ ಸಲ ಇನ್ನೂ ಜಾಸ್ತಿ."

"ಸೇರಿಸಿಲ್ಲ."

"ಮತ್ತೆ ಯಾರ ಅಳತೆ ಇದು?"

"ನಿಂದು," ಎಂದರು ಅತ್ತೆ. "ಹುಟ್ಟಿದಾಗಿಂದ ನಿನ್ನ ಅಂಗಿ ಹೊಲಿಯೋಳು ನಾನು, ಟೇಪು ಹಿಡೀಬೇಕಾಗಿಲ್ಲ. ನೆಟ್ಟಗೆ ನಿಂತ್ರೆ ಸರಿಯಾಗಿ ನಿನ್ನ ಮೊಣಕೈ ಕೆಳಗೆ ಬರುತ್ತೆ, ಸೊಂಟ ನೋಯಲ್ಲ. ಇನ್ಮೇಲೆ ಪಾತ್ರೆ ನೀನು ತೊಳೀತೀಯ."

ಮಾವ ಕಿಟಕಿಯ ಹೊರಗೆ ಏನೋ ಇದೆ ಅನ್ನುವ ಹಾಗೆ ನೋಡಿದರು. ನನ್ನ ಗಂಡ ಕೆಂಪು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. ತಪ್ಪು ಎಂದು ಗುರುತು ಹಾಕಲು ಅಲ್ಲಿ ತಪ್ಪಿರಲಿಲ್ಲ.

ಬಡಗಿ ಕಾಗದವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ನನ್ನ ಗಂಡನನ್ನು ದಾಟಿ ಅತ್ತೆಯ ಮುಂದೆ ಬಂದು ನಿಂತ.

"ಹಾಗಾದ್ರೆ ಇದನ್ನೇ ಕೊಯ್ಯಲಾ, ಟೈಲರಮ್ಮ?"

"ಕೊಯ್ಯಪ್ಪ," ಎಂದರು ಅತ್ತೆ.